ಒಣ ಮೆಣಸಿನಕಾಯಿಯ ಸಪ್ಪಳ ಮತ್ತು ಜರ್ಮನಿಯ ರೇಡಿಯೋ

ಹಾವೇರಿ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಖಾದರ್‌ಸಾಬ್ ಕಾಕಾ. ಹಾವೇರಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದು ರೇಡಿಯೋ ರಿಪೇರಿ ಅಂಗಡಿ. ನಾನು ರಾಣೇಬೆನ್ನೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ರಜೆ ಬಂದರೆ ಅಲ್ಲಿ ಕೂತು ಬೆಸುಗೆ ಹಾಕುತ್ತಿದ್ದೆ. ರೇಡಿಯೋದ ಹೊಟ್ಟೆಯಲ್ಲಿ ಏನಿರುತ್ತದೆಂದು ಕಾಲೇಜಿಗಿಂತ ಮೊದಲು ತೋರಿಸಿದವರು ಅವರೇ.

ಜರ್ಮನಿಗೆ ಹೋಗುವ ಸುದ್ದಿ ಹೇಳಲು ಹೋದಾಗ ಅವರು ಒಂದು ಹಳೆಯ ಸೆಟ್ಟಿನ ಬೆನ್ನು ಬಿಚ್ಚಿ ಕೂತಿದ್ದರು. ತಲೆ ಎತ್ತಲಿಲ್ಲ.

“ಲೇ ನಾಗ್ಯಾ, ಎರಡು ಮಾತು ಬರದಿಟ್ಕೋ. ಕರಕರ ಇಲ್ಲದ ರೇಡಿಯೋ ಎಂದೂ ಬರೂದಿಲ್ಲ. ನಿನಗ ಆ ಗೋರ್ಯಾರು ಸರ್ಟಿಫಿಕೇಟ್ ಕೊಡೂದೂ ಇಲ್ಲ.”

“ಯಾಕ ಕಾಕಾ, ನಾ ಓದಿಲ್ಲೇನು?”

“ಓದೀದಿ. ಯಾರ್ ಇಲ್ಲ ಅಂದ್ರು? ಇಂಗ್ಲಿಷ್ ಪೇಪರ್ ಎಷ್ಟು ಸಲ ಓದೀದಿ, ಅದನ್ನೂ ಹೇಳು.”

ಮೂರು ಸಲ. ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಕಂಡ ಮೊದಲಿಗ ನಾನು. ಮೂರನೇ ಸಲಕ್ಕಾದರೂ ಕಂಡೆ ಎನ್ನುವುದು ನನ್ನ ಹೆಮ್ಮೆ. ಅದನ್ನು ಮುಚ್ಚಿಡುವ ಮನಸ್ಸಿಲ್ಲ.

ಆಗ ನಾನು ಒಂದು ಸರಕಾರಿ ರೇಡಿಯೋ ಕೇಂದ್ರದ ಸ್ಟೋರಿನಲ್ಲಿ ಬಿಡಿಭಾಗಗಳ ಕಪಾಟು ಕಾಯುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಯುರೋಪಿನವರು ಡಿಜಿಟಲ್ ರೇಡಿಯೋ ಶುರು ಮಾಡುತ್ತಿದ್ದರು. ಮ್ಯೂನಿಕ್ ಸಮೀಪದ ಸಂಸ್ಥೆಯೊಂದು ಬೇರೆ ಬೇರೆ ದೇಶಗಳ ತಂತ್ರಜ್ಞರಿಗೆ ಆರು ವಾರದ ತರಬೇತಿ ಇಟ್ಟಿತ್ತು. ಹೋಗಬೇಕಾಗಿದ್ದವರಿಗೆ ಕಾಮಾಲೆಯಾಗಿ ನನ್ನ ಪಾಳಿ ಬಂತು. ನಮ್ಮ ಸಾಹೇಬರು ಮೊದಲೇ ಖಡಾಖಂಡಿತ ಹೇಳಿದ್ದರು: “ಸರ್ಟಿಫಿಕೇಟ್ ತಂದರೆ ಟ್ರಾನ್ಸ್‌ಮಿಟರ್ ವಿಭಾಗ. ಬರಿಗೈಲಿ ಬಂದರೆ ಅದೇ ಸ್ಟೋರು, ಅದೇ ಕಪಾಟು.”

ಕಾಕಾಗೆ ಡಿಜಿಟಲ್ ಅಂದರೆ ಏನೆಂದು ನನಗೆ ತಿಳಿದಷ್ಟು ವಿವರಿಸಿದೆ. ಧ್ವನಿಯನ್ನು ಅಂಕಿಗಳನ್ನಾಗಿ ಮಾಡುತ್ತಾರೆ. ಅಂಕಿಗಳು ಬಹಳವಾಗಿ ಗಾಳಿಯಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಮನುಷ್ಯನ ಕಿವಿಗೆ ಕೇಳಿಸದ ಭಾಗವನ್ನೆಲ್ಲ ತೆಗೆದು ಒಗೆದು, ಉಳಿದದ್ದನ್ನು ಕಳಿಸುತ್ತಾರೆ.

ಕಾಕಾ ಆಗ ತಲೆ ಎತ್ತಿದರು. “ಯಾರ ಕಿವಿಗೆ ಕೇಳಸೂದಿಲ್ಲ?”

“ಮನಶ್ಯಾನ ಕಿವಿಗೆ.”

“ಅರೇ, ಯಾವ ಮನಶ್ಯಾ ಅಂತ ಕೇಳಾಕತ್ತೇನಿ. ಯಾಂವ ಕುಂತು ಹೇಳ್ತಾನ, ಇದು ಕೇಳಸ್ತದ, ಇದು ಕೇಳಸೂದಿಲ್ಲ ಅಂತ?”

ನಾನು ಚಪ್ಪಲಿ ಮೆಟ್ಟಿಕೊಂಡೆ. ಲಗೂನೆ ಬಸ್ಸು ಹಿಡಿದು ಬ್ಯಾಡಗಿಗೆ ಹೋದೆ.

ಬ್ಯಾಡಗಿಯಲ್ಲಿ ನಮ್ಮವ್ವ ಮೆಣಸಿನಕಾಯಿ ಪೇಟೆಯಲ್ಲಿ ತುಂಬು ಬಿಡಿಸುತ್ತಾಳೆ. ತುಂಬು ಅಂದರೆ ತೊಟ್ಟು. ದಿನವಿಡೀ ರಾಶಿಯ ಮುಂದೆ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯುವ ಕೆಲಸ. ನನ್ನ ಮೂರು ಸಲದ ಇಂಗ್ಲಿಷ್ ಪೇಪರೂ ಆ ಕೈಗಳಿಂದಲೇ ನಡೆದದ್ದು. ಅಂದು ಅವಳು ಒಂದು ಹಿಡಿ ಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು, ಎರಡು ಸಲ ಅಲುಗಾಡಿಸಿದಳು. ಒಳಗಿನ ಬೀಜ ಗಲಗಲ ಎಂದವು.

“ಒಣಗ್ಯಾವ. ಒಯ್ಯಿ. ಅಲ್ಲಿಯವ್ರು ಸಪ್ಪಂದು ತಿಂತಾರಂತ.”

ತೂಕ ಬರಲೆಂದು ಕೆಲವರು ಕಾಯಿಗೆ ನೀರು ಚಿಮುಕಿಸಿ ತರುವುದುಂಟು. ಅವ್ವನ ಕಿವಿ ಅದನ್ನು ಕಂಡುಹಿಡಿಯುತ್ತದೆ. ಚಿಕ್ಕಂದಿನಿಂದ ಪಕ್ಕದಲ್ಲಿ ಕೂತು ನನಗೂ ಅದು ಬಂದಿದೆ. ಆಗ ನಾನು ಅದನ್ನು ವಿದ್ಯೆ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಫ್ರೌ ಹೂಬರ್ ಮನೆ

ಮುಂಬಯಿಯಿಂದ ಮ್ಯೂನಿಕ್‌ಗೆ ಬಂದಿಳಿದಾಗ ಹಿಮ ಬೀಳುತ್ತಿತ್ತು. ಹಿಮ ಬೀಳುವಾಗ ಸಪ್ಪಳವಾಗುವುದಿಲ್ಲ ಎನ್ನುವುದು ನನಗೆ ಹೊಸದು. ನಮ್ಮಲ್ಲಿ ಆಕಾಶದಿಂದ ಏನು ಬಿದ್ದರೂ ತಗಡಿನ ಮೇಲೆ ಕೇಳಿಸುತ್ತದೆ.

ನನ್ನನ್ನು ಇಳಿಸಿದ್ದು ಫ್ರೌ ಹೂಬರ್ ಎಂಬ ವಿಧವೆಯ ಮನೆಯ ಮಹಡಿಯ ಕೋಣೆಯಲ್ಲಿ. ಫ್ರೌ ಅಂದರೆ ಅಲ್ಲಿ ಅಮ್ಮಾವ್ರು ಇದ್ದ ಹಾಗೆ, ಹೆರ್ ಅಂದರೆ ರಾಯರು. ಆಕೆಗೆ ಇಂಗ್ಲಿಷ್ ನನಗಿಂತ ಕಡಿಮೆ ಬರುತ್ತಿತ್ತು, ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಹೊಂದಿತು. ಆ ಊರಿನ ಶಿಸ್ತು ಮಾತ್ರ ನನಗೆ ದಿನಾ ಹೊಸ ಪಾಠ. ಕೆಂಪು ದೀಪ ಇದ್ದರೆ ಖಾಲಿ ರಸ್ತೆಯ ಮುಂದೆಯೂ ಜನ ನಿಂತಿರುತ್ತಾರೆ. ಒಂದು ವಾಹನವೂ ಇಲ್ಲ, ಹಿಮ ಸುರಿಯುತ್ತಿದೆ, ಆದರೂ ಹತ್ತು ಜನ ಕಂಬಗಳ ಹಾಗೆ ನಿಂತಿದ್ದಾರೆ. ರಾಣೇಬೆನ್ನೂರಿನ ಸರ್ಕಲ್ಲಿನಲ್ಲಿ ಹಾಗೆ ನಿಂತರೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಯಾರಾದರೂ ಬಂದು ನೀರು ಕೊಡುತ್ತಾರೆ. ರವಿವಾರ ಗದ್ದಲ ಮಾಡಬಾರದು. ಖಾಲಿ ಬಾಟಲಿಯನ್ನು ಬೀದಿಯ ಡಬ್ಬಿಗೆ ಹಾಕುವುದೂ ರವಿವಾರ ತಪ್ಪು, ಅದು ಟಣ್ ಎನ್ನುತ್ತದಲ್ಲ.

ಫ್ರೌ ಹೂಬರ್ ಅವರ ಪಡಸಾಲೆಯಲ್ಲಿ ಒಂದು ಡಿಜಿಟಲ್ ರೇಡಿಯೋ ಇತ್ತು. ಪ್ರಯೋಗಕ್ಕೆಂದು ಊರಿನ ಕೆಲವು ಮನೆಗಳಿಗೆ ಕೊಟ್ಟ ಸೆಟ್ಟು, ನಮ್ಮ ಕಬ್ಬಿಣದ ಟ್ರಂಕಿನ ಅರ್ಧದಷ್ಟಿತ್ತು. ಆಕೆ ಅದಕ್ಕೆ ಹೆಣಿಗೆಯ ಬಟ್ಟೆ ಹೊದಿಸಿ ಮೇಲೆ ಹೂಕುಂಡ ಇಟ್ಟಿದ್ದರು. ಕೇಳುತ್ತಿದ್ದುದು ಅಡುಗೆಮನೆಯ ಹಳೆಯ ಸೆಟ್ಟು.

ಮೊದಲ ಸಂಜೆ ಆಕೆಯ ಅಪ್ಪಣೆ ಪಡೆದು ಕುಂಡ ಇಳಿಸಿ ಹೊಸದನ್ನು ಹಚ್ಚಿದೆ. ಒಬ್ಬ ಗಂಡಸು ಸುದ್ದಿ ಓದುತ್ತಿದ್ದ. ವಾಕ್ಯ ಮುಗಿಸಿ ನಿಂತ. ಆ ನಡುವೆ ಏನೂ ಇಲ್ಲ, ಸಣ್ಣ ಸರಸರವೂ ಇಲ್ಲ. ಸೆಟ್ಟು ಕೆಟ್ಟಿತೆಂದುಕೊಂಡು, ಕಾಕಾನ ಅಂಗಡಿಯ ರೂಢಿಯಂತೆ ಅದರ ತಲೆಗೆ ಅಂಗೈಯಿಂದ ಒಂದು ಬಿಟ್ಟೆ. ಅಷ್ಟರಲ್ಲಿ ಆತ ಮುಂದಿನ ವಾಕ್ಯ ಶುರು ಮಾಡಿದ. ಮತ್ತೆ ನಿಂತ. ಮತ್ತೆ ಹೊಡೆದೆ. ಮೂರನೇ ಹೊಡೆತಕ್ಕೆ ಫ್ರೌ ಹೂಬರ್ ನನ್ನ ಕೈ ಹಿಡಿದುಕೊಂಡರು.

“ಅವನು ಉಸಿರು ತೆಗೆದುಕೊಳ್ಳುತ್ತಿದ್ದಾನೆ,” ಎಂದರು.

ಕರಕರ ಇಲ್ಲದ ರೇಡಿಯೋ ಬರುವುದಿಲ್ಲ ಎಂಬ ಕಾಕಾನ ಮೊದಲ ಮಾತು ಅಲ್ಲಿಗೆ ಸುಳ್ಳಾಯಿತು. ಎರಡನೆಯದು ಬಾಕಿ ಇತ್ತು.

ವ್ಯಾನಿನಲ್ಲಿ ಬೆಟ್ಟದ ಕಡೆಗೆ

ಎರಡನೇ ವಾರ ನಮ್ಮನ್ನು ಒಂದು ವ್ಯಾನಿನಲ್ಲಿ ಕೂಡಿಸಿ ಬೆಟ್ಟದ ರಸ್ತೆಗಳಲ್ಲಿ ಸುತ್ತಿಸಿದರು. ವ್ಯಾನಿನ ತುಂಬ ಯಂತ್ರಗಳು. ನನ್ನ ಪಕ್ಕ ಘಾನಾ ದೇಶದ ಕ್ವಾಮೆ, ನನ್ನ ಹಾಗೆಯೇ ರೇಡಿಯೋ ಕೇಂದ್ರದಿಂದ ಬಂದವನು. ಎಲ್ಲಿ ಧ್ವನಿ ಸಿಗುತ್ತದೆ, ಎಲ್ಲಿ ಇಲ್ಲ ಎಂದು ನಕಾಶೆಯ ಮೇಲೆ ಗುರುತು ಹಾಕುವುದು ನಮ್ಮ ಕೆಲಸ.

ಅಲ್ಲಿ ಎರಡು ಬೆಟ್ಟಗಳ ಮೇಲೆ ಎರಡು ಗೋಪುರ, ಎರಡರದೂ ಒಂದೇ ತರಂಗ. ನಮ್ಮ ಹಳೆಯ ಪದ್ಧತಿಯಲ್ಲಿ ಹೀಗೆ ಮಾಡಿದರೆ ಗುತ್ತಲದ ಸಂತೆಯಲ್ಲಿ ಇಬ್ಬರು ಒಂದೇ ಉಸಿರಿಗೆ ಬೆಲೆ ಕೂಗಿದ ಹಾಗೆ, ಯಾರದೂ ತಿಳಿಯುವುದಿಲ್ಲ. ಈ ಹೊಸ ಪದ್ಧತಿಯಲ್ಲಿ ಒಂದು ಗೋಪುರದ ಮಾತಿಗೆ ಇನ್ನೊಂದು ಗೋಪುರ ಬಲ ಕೊಡುತ್ತದೆ. ಪುಸ್ತಕದಲ್ಲಿ ಓದಿದಾಗ ನಂಬಿರಲಿಲ್ಲ, ಕಿವಿಯಿಂದ ಕೇಳಿ ನಂಬಿದೆ.

ಆದರೆ ಒಂದು ತಿರುವಿನಲ್ಲಿ ಬೆಟ್ಟ ಅಡ್ಡ ಬಂತು. ಹಾಡುತ್ತಿದ್ದ ಹೆಂಗಸು ನೀರಿನಲ್ಲಿ ಮುಳುಗಿದಂತೆ ಗುಳುಗುಳು ಎಂದಳು. ಆಮೇಲೆ ಏನೂ ಇಲ್ಲ.

ನಮ್ಮ ರೇಡಿಯೋ ಹೀಗೆ ಹೋಗುವುದಿಲ್ಲ. ಕಾಗಿನೆಲೆಯ ಬಸ್ಸಿನಲ್ಲಿ ಯಾರಾದರೂ ಟ್ರಾನ್ಸಿಸ್ಟರ್ ಹಿಡಿದು ಕೂತಿದ್ದರೆ, ಧ್ವನಿ ಕೆಮ್ಮುತ್ತ, ಕ್ಷೀಣಿಸುತ್ತ, ಹೋಗುತ್ತ ಬರುತ್ತ ಇರುತ್ತದೆ. ಕರಕರದ ನಡುವೆಯೂ ಮೆಣಸಿನಕಾಯಿಯ ಪೇಟೆ ಧಾರಣೆ ಎಷ್ಟೆಂದು ರೈತ ಹಿಡಿದುಕೊಳ್ಳುತ್ತಾನೆ. ಇವರ ರೇಡಿಯೋಕ್ಕೆ ಆ ನಡುವಿನ ಸ್ಥಿತಿ ಇಲ್ಲ.

ಕ್ವಾಮೆಗೆ ಇದನ್ನು ಹೇಳಿದೆ. ಅವನು ನಕಾಶೆಯ ಮೇಲೆ ಕೆಂಪು ಚುಕ್ಕೆ ಇಡುತ್ತ ಹೇಳಿದ: “ನನ್ನ ಅಜ್ಜಿಗೆ ಈ ಸೆಟ್ಟು ಕೊಟ್ಟರೆ, ಧ್ವನಿ ಹೀಗೆ ಸತ್ತ ಕೂಡಲೇ ಅದನ್ನು ಮೇಕೆ ಮಾರುವವನಿಗೆ ಕೊಟ್ಟು ಒಂದು ಮರಿ ತರುತ್ತಾಳೆ.”

ಕೇಳುವ ಕೋಣೆ

ನಾಲ್ಕನೇ ವಾರ ಕಿವಿಯ ಪರೀಕ್ಷೆ. ಇದರಲ್ಲಿ ಪಾಸಾಗದಿದ್ದರೆ ಸರ್ಟಿಫಿಕೇಟ್ ಇಲ್ಲ, ಬಂದಿದ್ದರೆಂದು ಒಂದು ಚೀಟಿ ಮಾತ್ರ. ಪರೀಕ್ಷೆ ನಡೆಸುವವರು ಡಾಕ್ಟರ್ ವೇಬರ್, ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು.

ಕೋಣೆಯ ಗೋಡೆಗೆಲ್ಲ ದಪ್ಪ ಗಾದಿ ಹೊದಿಸಿದ್ದರು. ನನ್ನ ಮುಂದೆ ಮೂರು ಗುಂಡಿ. ಮೊದಲನೆಯದನ್ನು ಒತ್ತಿದರೆ ಅಸಲು ಧ್ವನಿ. ಉಳಿದ ಎರಡರಲ್ಲಿ ಒಂದು ಅದೇ ಅಸಲು, ಇನ್ನೊಂದು ಅಂಕಿಗಳಾಗಿಸಿ, ಕೇಳಿಸದ ಭಾಗವನ್ನು ತೆಗೆದ ಧ್ವನಿ. ಯಾವುದು ಯಾವುದೆಂದು ಹೇಳುವುದಿಲ್ಲ. ಮೊದಲನೆಯದರ ಜೊತೆ ಹೋಲಿಸಿ, ಕೆಟ್ಟಿರುವುದಕ್ಕೆ ಕಡಿಮೆ ಅಂಕ ಕೊಡಬೇಕು. ಅಷ್ಟೇ. ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಯಾವುದು ಕೇಳಿಸುತ್ತದೆ, ಯಾವುದು ಇಲ್ಲ ಎಂದು ನಿರ್ಧರಿಸುವ ಮನುಷ್ಯ ಈ ಕುರ್ಚಿಯ ಮೇಲೆ ಕೂತವನು.

ನಾನು ಪಿಟೀಲು ಕೇಳಿದೆ, ಮಾತು ಕೇಳಿದೆ, ಬೆರಳಿಗೆ ಕಟ್ಟಿ ಬಡಿಯುವ ಮರದ ತಾಳದ ಚಿಪ್ಪುಗಳು ಟಕಟಕ ಹೊಡೆದುಕೊಳ್ಳುವುದನ್ನು ಕೇಳಿದೆ. ಭರವಸೆಯಿಂದ ಅಂಕ ಬರೆದೆ.

ಮಧ್ಯಾಹ್ನ ಡಾಕ್ಟರ್ ವೇಬರ್ ಹಾಳೆ ತೋರಿಸಿದರು. ಹೆಚ್ಚು ಕಡಿಮೆ ಎಲ್ಲವೂ ಉಲ್ಟಾ. ಅಸಲಿಗೆ ಕಡಿಮೆ, ನಕಲಿಗೆ ಹೆಚ್ಚು. “ಶುಕ್ರವಾರ ಇನ್ನೊಂದು ಅವಕಾಶ ಕೊಡುತ್ತೇನೆ. ಅದೇ ಕೊನೆಯದು. ಆದರೆ ನೀವು ಹೀಗೇಕೆ ಮಾಡಿದಿರಿ? ಮೊದಲ ಗುಂಡಿಯನ್ನು ಎಲ್ಲ ಸೇರಿ ಎರಡೇ ಸಲ ಒತ್ತಿದ್ದೀರಿ. ಯಂತ್ರ ಬರೆದುಕೊಂಡಿದೆ.”

“ನನಗೆ ಅದರ ಮೇಲೆ ವಿಶ್ವಾಸ ಬರಲಿಲ್ಲ.”

“ಅದೇ ಅಸಲು ಎಂದು ಹೇಳಿದ್ದೆನಲ್ಲ?”

“ಹೇಳಿದ್ದಿರಿ. ಅದಕ್ಕೇ.”

ಆಕೆಗೆ ತಿಳಿಯಲಿಲ್ಲ. ನನ್ನ ಮೂರು ಸಲದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ನಮ್ಮ ಊರು ಮೆಣಸಿನಕಾಯಿಯ ಪೇಟೆ. ಚೀಲದ ಬಾಯಲ್ಲಿ ಇಟ್ಟ ಕಾಯಿ ಯಾವಾಗಲೂ ಛಲೋ ಇರುತ್ತದೆ, ಕೆಂಪಗೆ, ಉದ್ದಕ್ಕೆ. ಅದು ತೋರಿಸುವ ಮಾಲು. ಅದನ್ನು ನೋಡಿ ಖರೀದಿ ಮಾಡಿದವನು ಮೂರ್ಖ. ಚೀಲದ ಹೊಟ್ಟೆಗೆ ಕೈ ಹಾಕಿ ಒಳಗಿನದನ್ನು ತೆಗೆಯಬೇಕು. ಇದೇ ಅಸಲು ಎಂದು ಮೊದಲೇ ಕೊಟ್ಟ ಗುಂಡಿ ನನಗೆ ಚೀಲದ ಬಾಯಿಯಂತೆ ಕಂಡಿತು. ಅದನ್ನು ಬದಿಗಿಟ್ಟು ಉಳಿದ ಎರಡರಲ್ಲಿ ಯಾವುದು ಕಿವಿಗೆ ಹಿತವೋ ಅದಕ್ಕೆ ಹೆಚ್ಚು ಅಂಕ ಕೊಟ್ಟೆ. ಅಸಲು ಧ್ವನಿಯಲ್ಲಿ ಪಿಟೀಲಿನ ಕಮಾನು ಉಜ್ಜುವ ಸಣ್ಣ ಸರಸರ ಇತ್ತು. ನಕಲಿನಲ್ಲಿ ಅದು ಹೋಗಿ ನುಣ್ಣಗಾಗಿತ್ತು. ನುಣ್ಣಗಿದ್ದದ್ದೇ ಒಳ್ಳೆಯದು ಎಂದುಕೊಂಡೆ.

ಡಾಕ್ಟರ್ ವೇಬರ್ ನಗಲಿಲ್ಲ. ಪೆನ್ನಿನ ತುದಿಯನ್ನು ಮೇಜಿನ ಮೇಲೆ ಕುಟ್ಟಿ, “ಮತ್ತೆ ಒಳಗಿನದನ್ನು ತೆಗೆದ ಮೇಲೆ, ಅದು ಒಳ್ಳೆಯದೆಂದು ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದರು.

“ಕಿವಿಯಿಂದ,” ಎಂದೆ. ಆಕೆ ಹುಬ್ಬೇರಿಸಿದರು. “ಕಾಯಿಯನ್ನು ಅಲುಗಾಡಿಸಿ ಕೇಳುತ್ತೇವೆ. ನನ್ನ ಕೋಣೆಯಲ್ಲಿ ಇವೆ. ನಾಳೆ ತರುತ್ತೇನೆ.”

ಮತ್ತೆ ಫ್ರೌ ಹೂಬರ್ ಮನೆ

ಸಂಜೆ ಅವ್ವ ಕೊಟ್ಟ ಕಾಯಿಯ ಚೀಲ ಬಿಚ್ಚಿ ಒಂದು ಹಿಡಿ ಅಲುಗಾಡಿಸಿದೆ. ಸಪ್ಪಳವಿಲ್ಲ. ನಾಲ್ಕು ವಾರದ ತಂಪಿಗೆ ಕಾಯಿ ಮೆತ್ತಗಾಗಿ ತೊಗಲಿನ ಹಾಗೆ ಬಾಗುತ್ತಿದ್ದವು. ಬಿಸಿಲು ಆ ದೇಶದಲ್ಲಿ ಇರಲಿಲ್ಲ. ಕಿಟಕಿಯ ಕೆಳಗೆ ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳಿದ್ದವು. ಅದರ ಮೇಲೆ ಪೇಪರ್ ಹಾಸಿ ಕಾಯಿ ಹರವಿ, ಬಿಸಿ ಪೂರ್ತಿ ಏರಿಸಿ, ಕ್ವಾಮೆಯನ್ನು ನೋಡಲು ಹೋದೆ.

ಮರಳಿ ಬರುವಾಗ ಮನೆಯ ಎಲ್ಲ ಕಿಟಕಿಗಳು ತೆರೆದಿದ್ದವು. ಫ್ರೌ ಹೂಬರ್ ಕೋಟು ಹಾಕಿಕೊಂಡು ಬಾಗಿಲ ಹೊರಗೆ ಹಿಮದಲ್ಲಿ ನಿಂತು ಸೀನುತ್ತಿದ್ದರು. ಅವರ ಬೆಕ್ಕೂ ಸೀನುತ್ತಿತ್ತು. ಬೀಜ ಕೆಲವು ಕೊಳವೆಗಳ ನಡುವೆ ಉದುರಿ ಘಾಟು ಎದ್ದಿತ್ತು.

“ಏನದು, ಹೆರ್ ನಾಗಪ್ಪ? ವಿಷವೇ?”

“ಇಲ್ಲಮ್ಮಾ, ನನ್ನ ತಾಯಿ ಕೊಟ್ಟದ್ದು,” ಎಂದೆ.

ಆಕೆ ಸೀನು ತಡೆದುಕೊಂಡು ನನ್ನ ಮುಖ ನೋಡಿದರು. ಪರೀಕ್ಷೆಯ ವಿಷಯ, ಉಲ್ಟಾ ಅಂಕದ ವಿಷಯ, ಶುಕ್ರವಾರದ ವಿಷಯ ಎಲ್ಲ ಹೇಳಿದೆ. ಎಷ್ಟು ತಿಳಿಯಿತೋ ಗೊತ್ತಿಲ್ಲ. ಒಳಗೆ ಹೋಗಿ ಬ್ರೆಡ್ ಸುಡುವ ತಟ್ಟೆ ತಂದು, ಕಾಯಿಗಳನ್ನೆಲ್ಲ ಅದರಲ್ಲಿ ಸುರಿದು, ಹಿಂಬದಿಯ ಶೆಡ್ಡಿನಲ್ಲಿ ನೀರು ಕಾಯಿಸುವ ದೊಡ್ಡ ಹಂಡೆಯ ಮೇಲೆ ಇಟ್ಟು ಬಾಗಿಲು ಹಾಕಿದರು. ಬೆಳಿಗ್ಗೆ ನೋಡಿದರೆ ಗಲಗಲ ಎನ್ನುತ್ತಿದ್ದವು. ಬ್ಯಾಡಗಿಯ ಅಂಗಳದಲ್ಲಿಯೂ ಅಷ್ಟು ಚೆನ್ನಾಗಿ ಒಣಗುತ್ತಿರಲಿಲ್ಲ.

ಗುರುವಾರ ಮತ್ತು ಶುಕ್ರವಾರ

ಡಾಕ್ಟರ್ ವೇಬರ್ ನನ್ನನ್ನು ಧ್ವನಿಮುದ್ರಣದ ಕೋಣೆಯಲ್ಲಿ ಮೈಕಿನ ಮುಂದೆ ಕೂಡಿಸಿದರು. ಒಂದು ಹಿಡಿ ಕಾಯಿ ಅಲುಗಾಡಿಸಿದೆ. ಆಮೇಲೆ ಅದನ್ನು ಅಸಲಾಗಿಟ್ಟು, ಯಂತ್ರದಿಂದ ಅಂಕಿಗಳ ನಕಲು ಮಾಡಿಸಿ, ಮೂರು ಗುಂಡಿಗೆ ಜೋಡಿಸಿದರು.

“ಈಗ ಮೊದಲ ಗುಂಡಿ ಚೀಲದ ಬಾಯಿಯಲ್ಲ. ನೀವೇ ಅಲುಗಾಡಿಸಿದ್ದು,” ಎಂದರು.

ಮೊದಲನೆಯದನ್ನು ಒತ್ತಿದೆ. ಅವ್ವ ಪಕ್ಕದಲ್ಲಿ ಕೂತಂತಾಯಿತು. ಎರಡನೆಯದನ್ನು ಒತ್ತಿದೆ, ಅದೇ. ಮೂರನೆಯದನ್ನು ಒತ್ತಿದ ಕೂಡಲೇ ಕೈ ತೆಗೆದೆ.

“ಇದಕ್ಕೆ ನೀರು ಹಾಕಿದ್ದಾರೆ.”

“ಏನು?”

“ಬೀಜ ಟಕ್ ಎನ್ನಬೇಕು. ಇಲ್ಲಿ ಟಕ್ ಎನ್ನುವ ಮೊದಲೇ ಸಣ್ಣ ಸೊರಸೊರ ಬರುತ್ತಿದೆ. ಹಸಿ ಕಾಯಿ ಹೀಗೆ ಸಪ್ಪಳ ಮಾಡುತ್ತದೆ. ನಮ್ಮ ತಾಯಿ ಇದನ್ನು ತಿರುಗಿ ಕಳಿಸುತ್ತಾಳೆ.”

ಡಾಕ್ಟರ್ ವೇಬರ್ ಆಗ ನಕ್ಕರು, ಆ ಆರು ವಾರದಲ್ಲಿ ಅದೊಂದೇ ಸಲ. ಯಂತ್ರದ ದೋಷವೇ ಅದು ಎಂದರು. ಚುರುಕಾದ ಸಪ್ಪಳ ಬಂದಾಗ, ಅಂಕಿಗಳು ಸಾಲದೆ, ಅದರ ಕೊಳೆ ಸಪ್ಪಳಕ್ಕಿಂತ ಮುಂಚೆಯೇ ಹರಡುತ್ತದೆ. ತಾಳದ ಚಿಪ್ಪುಗಳನ್ನು ಪರೀಕ್ಷೆಗೆ ಇಟ್ಟಿರುವುದೇ ಅದನ್ನು ಹಿಡಿಯಲಿಕ್ಕೆ. ಗುಂಡಿಗಳ ಜಾಗ ಬದಲಿಸಿ ಬದಲಿಸಿ ನನಗೆ ಕೇಳಿಸಿದರು. ಪ್ರತಿ ಸಲವೂ ನೀರು ಹಾಕಿದ್ದನ್ನು ಹಿಡಿದೆ. ಅಂಕಿ ಹೆಚ್ಚಿಸಿ, ದೋಷ ಕಡಿಮೆ ಮಾಡಿ ಕೇಳಿಸಿದರು. ಆಗ ನೀರು ಕಡಿಮೆ ಹಾಕಿದ್ದಾರೆ ಎಂದೆ.

ಆದರೆ ಶುಕ್ರವಾರದ ಪರೀಕ್ಷೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ನಿಯಮ ನಿಯಮವೇ. ಅದೇ ಪಿಟೀಲು, ಅದೇ ಮಾತು, ಅದೇ ಚಿಪ್ಪುಗಳು. ಕುರ್ಚಿಯ ಮೇಲೆ ಕೂತಾಗ ಸ್ಟೋರಿನ ಕಪಾಟುಗಳು ಕಣ್ಣ ಮುಂದೆ ಬಂದವು. ಕಣ್ಣು ಮುಚ್ಚಿದೆ. ಮೊದಲ ಗುಂಡಿಯನ್ನು ಒತ್ತಿದೆ, ಮತ್ತೆ ಒತ್ತಿದೆ, ಪಿಟೀಲಿನ ಸರಸರ ಕಿವಿಯಲ್ಲಿ ಕೂರುವ ತನಕ ಒತ್ತಿದೆ. ಆಮೇಲೆ ಉಳಿದ ಎರಡರ ಹೊಟ್ಟೆಗೆ ಕೈ ಹಾಕಿದೆ. ಹಿತವಾಗಿದೆಯೇ ಎಂದು ಕೇಳಲಿಲ್ಲ, ಒಣಗಿದೆಯೇ ಎಂದು ಕೇಳಿದೆ.

ಪಾಸಾದೆ. ಎರಡು ತಪ್ಪಿದ್ದವು, ಎರಡೂ ಪಿಟೀಲಿನವು. ಕೊನೆಯ ದಿನ ಡಾಕ್ಟರ್ ವೇಬರ್ ಎಲ್ಲರಿಗೂ ಕೈಕುಲುಕಿ ಸರ್ಟಿಫಿಕೇಟ್ ಕೊಟ್ಟರು. ನನ್ನ ಹತ್ತಿರ ಮಾತ್ರ, ಒಂದು ಹಿಡಿ ಕಾಯಿ ಬಿಟ್ಟು ಹೋಗುತ್ತೀರಾ ಎಂದು ಕೇಳಿದರು. ಗಾಜಿನ ಭರಣಿಯಲ್ಲಿ ಮುಚ್ಚಳ ಬಿಗಿದು ಕೊಟ್ಟೆ. ಉಳಿದದ್ದನ್ನು ಫ್ರೌ ಹೂಬರ್‌ಗೆ ಕೊಟ್ಟೆ. ಆಕೆ ಅದನ್ನು ದಾರಕ್ಕೆ ಪೋಣಿಸಿ ಡಿಜಿಟಲ್ ಸೆಟ್ಟಿನ ಮೇಲಿನ ಗೋಡೆಗೆ ತೂಗುಹಾಕಿದರು. ಸೆಟ್ಟಿನ ಮೇಲೆ ಹೂಕುಂಡ ಮತ್ತೆ ಬಂದಿತ್ತು. ಪ್ರಯೋಗದವರು ವಿಚಾರಿಸಲು ಬಂದಾಗ ಆಕೆ ಏನು ಹೇಳುತ್ತಿದ್ದರೋ ನನಗೆ ತಿಳಿಯದು. ಅಡುಗೆಮನೆಯಲ್ಲಿ ಹಳೆಯದೇ ಹಾಡುತ್ತಿತ್ತು.

ಬ್ಯಾಡಗಿ

ಹಾವೇರಿಯಲ್ಲಿ ಇಳಿದು ಮೊದಲು ಅಂಗಡಿಗೆ ಹೋದೆ. ಖಾದರ್‌ಸಾಬ್ ಕಾಕಾ ಸರ್ಟಿಫಿಕೇಟನ್ನು ದೀಪಕ್ಕೆ ಹಿಡಿದು, ಹಿಂದೆ ಮುಂದೆ ತಿರುವಿ, ಮೂಲೆಯ ಮುದ್ರೆಯನ್ನು ಉಗುರಿನಿಂದ ಕೆರೆದು ನೋಡಿದರು.

“ಖರೇ ಐತಿ,” ಎಂದರು. ಆಮೇಲೆ, “ರೇಡಿಯೋ?”

“ಕರಕರ ಇಲ್ಲ ಕಾಕಾ. ಖರೇನ ಇಲ್ಲ.”

“ಹಂಗಾದ್ರ ಕೆಟ್ಟೈತಿ ಅಂತ ಹೆಂಗ ಗೊತ್ತಾಗ್ತದ?” ಎಂದು ಗೊಣಗುತ್ತ ಅಂಗಡಿಯ ಬಾಗಿಲು ಎಳೆದು, ನನ್ನ ಜೊತೆ ಬಸ್ಸು ಹತ್ತಿದರು. ನಿಮ್ಮವ್ವಗ ಇಂಗ್ಲಿಷ್ ಓದಿ ಹೇಳಾಕ ಒಬ್ಬಾಂವ ಬೇಕಲ್ಲ, ಮೂರು ಸಲ ಓದಿದಾಂವನ್ನ ಹೆಂಗ ನಂಬೂದು, ಎಂದು ದಾರಿಯುದ್ದಕ್ಕೂ ಕಾಡಿಸಿದರು.

ಪೇಟೆಯಲ್ಲಿ ಹಂಗಾಮು ಜೋರಾಗಿತ್ತು. ಅಂಗಳದ ತುಂಬ ಕೆಂಪು ರಾಶಿ, ರಾಶಿಗಳ ನಡುವೆ ಹೆಂಗಸರು. ಅವ್ವ ಎದ್ದು ನಿಂತಳು. ನಾನು ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವಳು ಕೈ ಹಿಂದೆ ಸರಿಸಿದಳು.

“ಕೈ ಖಾರ ಐತೋ ಯಪ್ಪಾ.” ಆಮೇಲೆ ಸೆರಗಿನ ತುದಿಯನ್ನು ಎರಡೂ ಅಂಗೈಗೆ ಸುತ್ತಿಕೊಂಡು, ಸೆರಗಿನೊಳಗಿಂದಲೇ ಅದನ್ನು ಈಸಿಕೊಂಡಳು. ಕಾಕಾ ನನ್ನ ಹೆಸರು ಇರುವ ಸಾಲನ್ನು ಗಟ್ಟಿಯಾಗಿ ಓದಿದರು. ಹೆಂಗಸರು ಕೈ ನಿಲ್ಲಿಸಿ ಕೇಳಿದರು.

“ಇದನ್ನ ಯಾತಕ್ಕ ಕೊಟ್ರು?” ಎಂದು ಅವ್ವ ಕೇಳಿದಳು.

ಹೇಳಿದೆ. ಮೂರು ಗುಂಡಿ, ಅವಳು ಕೊಟ್ಟ ಕಾಯಿ, ಯಂತ್ರ ಹಾಕಿದ ನೀರು, ಎಲ್ಲ ಹೇಳಿದೆ. ಅವಳು ಕಾಗದವನ್ನು ಎದೆಗೆ ಹಿಡಿದು ಪೂರ್ತಿ ಕೇಳಿದಳು. ಕೇಳಿ ಮುಗಿದ ಮೇಲೆ ಸುತ್ತಲಿನ ಹೆಂಗಸರನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

“ಅಂದ್ರ, ಒಣಾದು ಯಾವುದು, ಹಸೀದು ಯಾವುದು ಅಂತ ಹೇಳಾಕ ಇಮಾನದಾಗ ಹೋಗಿದ್ದೇನು? ಮುಂದಿನ ಸಲ ಅವ್ರು ಕರದ್ರ ನನ್ನ ಕಳಸು.”